ಕೊಬ್ಬು ಉರಿಯುತ್ತದೆ, ಕೊಲೆಸ್ಟ್ರಾಲ್ ಉರಿಯುವುದಿಲ್ಲ

ನಾನು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಹೊಸದು. ಊಟವಾಗಿ ಎರಡು ಗಂಟೆಯ ಮೇಲೆ ಮಾಡುವ ಸಕ್ಕರೆ ಪರೀಕ್ಷೆಗೆ ಒಬ್ಬರು ಬಂದಿದ್ದರು. ಹಳೆಯ ಸಕ್ಕರೆ ಕಾಯಿಲೆ. ಬಂದದ್ದು ನೇರ ಬೀಗರ ಊಟದಿಂದ. ರಕ್ತ ತೆಗೆದು, ಟ್ಯೂಬನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಹೊರತೆಗೆದೆ. ಕೆಂಪು ಕಣಗಳು ತಳಕ್ಕೆ ಕೂತಿದ್ದವು. ಅದರ ಮೇಲೆ ತಿಳಿ ಹಳದಿ ದ್ರವ ಇರಬೇಕಿತ್ತು. ಇದ್ದದ್ದು ಹಾಲು. ಟ್ಯೂಬಿನ ಹಿಂದೆ ಬೆರಳಿಟ್ಟರೆ ಬೆರಳು ಕಾಣುತ್ತಿರಲಿಲ್ಲ, ಅಷ್ಟು ಬೆಳ್ಳಗಿತ್ತು.

ಗಾಬರಿಯಾಗಿ ಸೀನಿಯರ್‌ಗೆ ತೋರಿಸಿದೆ. "ಲೈಪೀಮಿಕ್ ಸ್ಯಾಂಪಲ್ ಕಣಪ್ಪ, ಕೊಬ್ಬು ತುಂಬಿದ ರಕ್ತ. ಸ್ವಲ್ಪ ಉಳಿಸಿ ಫ್ರಿಜ್‌ನಲ್ಲಿ ನಿಲ್ಲಿಸಿ ಇಡು, ಬೆಳಿಗ್ಗೆ ನೋಡು" ಅಂದರು. ಬೆಳಿಗ್ಗೆ ತೆಗೆದು ನೋಡಿದರೆ ಮೇಲೆ ಕೆನೆ ಕಟ್ಟಿತ್ತು. ಹಾಲು ಕಾಯಿಸಿ ಇಟ್ಟ ಪಾತ್ರೆಯಲ್ಲಿ ಕಾಣುತ್ತದಲ್ಲ, ಹಾಗೇ. ಹಿಂದಿನ ದಿನ ತಿಂದ ಊಟದ ಕೊಬ್ಬು ಒಂದು ಬೆರಳಿನಗಲ ಕೆನೆಯಾಗಿ ಟ್ಯೂಬಿನಲ್ಲಿ ತೇಲುತ್ತಿತ್ತು.

ಬೀಗರ ಊಟ ಎಲ್ಲರೂ ಮಾಡುತ್ತಾರೆ. ಆದರೆ ಹೆಚ್ಚಿನವರ ರಕ್ತ ಅಷ್ಟು ಬೆಳ್ಳಗಾಗುವುದಿಲ್ಲ. ಸ್ವಲ್ಪ ಮಬ್ಬಾದರೂ ಕೆಲವು ಗಂಟೆಗಳಲ್ಲಿ ತಿಳಿಯಾಗುತ್ತದೆ. ಹಾಗಾದರೆ ಆ ಕೊಬ್ಬನ್ನು ತೆಗೆಯುವವರು ಯಾರು? ಎಲ್ಲಿ ಕೂತು ತೆಗೆಯುತ್ತಾರೆ?

ಜೀರ್ಣ ಅಂದ ತಕ್ಷಣ ನಮಗೆ ಹೊಟ್ಟೆ, ಕರುಳು ನೆನಪಾಗುತ್ತವೆ. ಕೊಬ್ಬಿನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕರುಳಿನಲ್ಲಿ ಒಡೆದ ಕೊಬ್ಬು ಕರುಳಿನ ಗೋಡೆ ದಾಟುವಾಗ ಮತ್ತೆ ಕೂಡಿಕೊಳ್ಳುತ್ತದೆ. ಸಣ್ಣ ಸಣ್ಣ ಉಂಡೆಯಾಗಿ, ಮೇಲೊಂದು ಪ್ರೋಟೀನಿನ ಹೊದಿಕೆ ಹೊದ್ದು ರಕ್ತಕ್ಕೆ ಇಳಿಯುತ್ತದೆ. ಈ ಉಂಡೆಗೆ ಕೈಲೋಮೈಕ್ರಾನ್ ಎಂದು ಹೆಸರು. ಟ್ಯೂಬಿನಲ್ಲಿ ಕೆನೆ ಕಟ್ಟಿದ್ದು ಇವೇ. ರಕ್ತನಾಳದ ಗೋಡೆ ದಾಟಿ ಹೃದಯದ ಸ್ನಾಯುವಿನೊಳಗೆ ಹೋಗಲು ಈ ಉಂಡೆ ತುಂಬಾ ದೊಡ್ಡದು. ಅದಕ್ಕೇ ಇನ್ನೊಂದು ಸಲ ಒಡೆಯಬೇಕು. ಈ ಎರಡನೇ ಜೀರ್ಣ ನಡೆಯುವುದು ರಕ್ತನಾಳದ ಗೋಡೆಯ ಮೇಲೆಯೇ.

ಇದು ಗೊತ್ತಾದದ್ದು ಒಂದು ಆಕಸ್ಮಿಕದಿಂದ. 1943ರಲ್ಲಿ ಅಮೆರಿಕದ ಪಾಲ್ ಹಾನ್ ಎಂಬ ವಿಜ್ಞಾನಿ ಒಂದು ವಿಚಿತ್ರ ಸಂಗತಿ ವರದಿ ಮಾಡಿದರು. ಕೊಬ್ಬಿನ ಊಟ ಮಾಡಿದ ನಾಯಿಗಳ ರಕ್ತ ಹಾಲಿನಂತಿತ್ತು. ಅವುಗಳಿಗೆ ಹೆಪಾರಿನ್ ಚುಚ್ಚಿದಾಗ ರಕ್ತ ಬೇಗನೆ ತಿಳಿಯಾಯಿತು. ಹೆಪಾರಿನ್ ಅಂದರೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ. ಅದಕ್ಕೂ ಕೊಬ್ಬಿಗೂ ಏನು ಸಂಬಂಧ? ಇನ್ನೂ ವಿಚಿತ್ರವೆಂದರೆ, ಹಾಲಿನಂಥ ರಕ್ತದ್ರವವಿರುವ ಟ್ಯೂಬಿಗೆ ಸುಮ್ನೆ ಹೆಪಾರಿನ್ ಹಾಕಿದರೆ ಏನೂ ಆಗುವುದಿಲ್ಲ. ಹೆಪಾರಿನ್ ಪ್ರಾಣಿಯ ಮೈಯೊಳಗೆ ಹೋಗಬೇಕು. ಆಮೇಲೆ ಅದರ ರಕ್ತ ತೆಗೆದು ಟ್ಯೂಬಿಗೆ ಬೆರೆಸಿದರೆ, ಆಗ ಹಾಲು ತಿಳಿಯಾಗುತ್ತದೆ.

ಅಂದರೆ ಕೊಬ್ಬು ಒಡೆಯುವುದು ಹೆಪಾರಿನ್ ಅಲ್ಲ. ಒಡೆಯುವ ವಸ್ತು ಮೈಯೊಳಗೆ ಎಲ್ಲೋ ಅಂಟಿಕೊಂಡಿದೆ, ಹೆಪಾರಿನ್ ಅದನ್ನು ಬಿಡಿಸಿ ರಕ್ತಕ್ಕೆ ತರುತ್ತದೆ, ಅಷ್ಟೆ. 1955ರಲ್ಲಿ ಎಡ್ವರ್ಡ್ ಕಾರ್ನ್ ಆ ವಸ್ತುವನ್ನು ಇಲಿಯ ಹೃದಯದಿಂದ ತೆಗೆದು ತೋರಿಸಿದರು. ಲೈಪೋಪ್ರೋಟೀನ್ ಲೈಪೇಸ್ ಎಂದು ಹೆಸರಿಟ್ಟರು. ಎಲ್‌ಪಿಎಲ್ ಅಂತ ಚಿಕ್ಕದಾಗಿ ಕರೆಯೋಣ. ಕೊಬ್ಬಿನ ಕಿಣ್ವ ಹುಡುಕಲು ಹೃದಯಕ್ಕೇ ಹೋದದ್ದು ನೋಡಿ. ನನಗೆ ಇದು ತುಂಬಾ ಇಷ್ಟದ ಸಂಗತಿ. ಏಕೆಂದರೆ ನಮ್ಮಲ್ಲಿ ಹೃದಯ ಮತ್ತು ಕೊಬ್ಬು ಅಂದರೆ ಹಾವು ಮುಂಗುಸಿ ಅಂತಲೇ ಎಲ್ಲರ ಎಣಿಕೆ. ನಿಜ ಬೇರೆ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಒಂದು ನಿಮಿಷವೂ ಬಿಡುವಿಲ್ಲ. ಆ ದುಡಿಮೆಗೆ ಬೇಕಾದ ಶಕ್ತಿಯಲ್ಲಿ ಶೇ. 60ರಿಂದ 70ರಷ್ಟು ಬರುವುದು ಕೊಬ್ಬಿನಿಂದಲೇ.

ಗೋಡೆಯ ಮೇಲಿನ ಕತ್ತರಿ

ನಾವು ತಿನ್ನುವ ಎಣ್ಣೆ, ತುಪ್ಪ, ಮಾಂಸದ ಕೊಬ್ಬು ಎಲ್ಲವೂ ಹೆಚ್ಚಾಗಿ ಟ್ರೈಗ್ಲಿಸರೈಡ್. ಲಿಪಿಡ್ ಪ್ರೊಫೈಲ್ ರಿಪೋರ್ಟಿನಲ್ಲಿ ಈ ಹೆಸರು ನೋಡಿರುತ್ತೀರಿ. ಅದನ್ನು ಮೂರು ಬಾಲದ ಗಾಳಿಪಟ ಅಂದುಕೊಳ್ಳಿ. ಪಟದ ಜಾಗದಲ್ಲಿ ಗ್ಲಿಸರಾಲ್. ಮೂರು ಬಾಲಗಳು ಮೂರು ಕೊಬ್ಬಿನಾಮ್ಲಗಳು. ಹೃದಯಕ್ಕೆ ಬೇಕಾದದ್ದು ಬಾಲಗಳು. ಎಲ್‌ಪಿಎಲ್ ಒಂದು ಕತ್ತರಿ. ಕೂದಲಿಗಿಂತ ಎಷ್ಟೋ ಸಣ್ಣದಾದ ಲೋಮನಾಳಗಳ ಒಳಗೋಡೆಗೆ ಅಂಟಿಕೊಂಡು, ಹಾದುಹೋಗುವ ಕೊಬ್ಬಿನ ಉಂಡೆಗಳನ್ನು ಹಿಡಿದು ಬಾಲಗಳನ್ನು ಕತ್ತರಿಸುತ್ತದೆ. ಬಿಡಿಯಾದ ಬಾಲಗಳು ಗೋಡೆ ದಾಟಿ ಸ್ನಾಯುವಿಗೆ ಹೋಗುತ್ತವೆ.

ಇಲ್ಲೊಂದು ಒಗಟಿತ್ತು. ಈ ಕತ್ತರಿ ತಯಾರಾಗುವುದು ಹೃದಯದ ಸ್ನಾಯುಕೋಶದಲ್ಲಿ, ಅಂದರೆ ಗೋಡೆಯ ಆಚೆ. ಕೆಲಸ ಮಾಡುವುದು ಗೋಡೆಯ ಈಚೆ, ರಕ್ತ ಹರಿಯುವ ಬದಿಯಲ್ಲಿ. ನಡುವೆ ನಾಳದ ಒಳಪದರದ ಕೋಶವಿದೆ. ಅದನ್ನು ದಾಟಿಸುವವರು ಯಾರು? ಉತ್ತರ ಸಿಗಲು 50 ವರ್ಷಕ್ಕೂ ಜಾಸ್ತಿ ಹಿಡಿಯಿತು. 2007ರಲ್ಲಿ ಕ್ಯಾಲಿಫೋರ್ನಿಯಾದ ಸ್ಟೀಫನ್ ಯಂಗ್, ಆನ್ ಬೈನ್ಯೂ ಮತ್ತು ಜೊತೆಗಾರರು ಒಂದು ಪ್ರೋಟೀನ್ ಇಲ್ಲದ ಇಲಿಗಳನ್ನು ವರದಿ ಮಾಡಿದರು. ಆ ಇಲಿಗಳ ರಕ್ತ ಹಾಲಿನಂತಿತ್ತು. ಆ ಪ್ರೋಟೀನಿನ ಹೆಸರು ಜಿಪಿಐಎಚ್‌ಬಿಪಿ1. ಹೆಸರು ಬಾಯಿಗೆ ಬರುವುದಿಲ್ಲ, ಕೆಲಸ ಮಾತ್ರ ಅಂಬಿಗನದ್ದು. ಆ ದಡದಲ್ಲಿ ಎಲ್‌ಪಿಎಲ್ ಅನ್ನು ಹತ್ತಿಸಿಕೊಂಡು, ಕೋಶವನ್ನು ದಾಟಿಸಿ, ಈ ದಡದಲ್ಲಿ ಬಿಗಿಯಾಗಿ ಹಿಡಿದು ನಿಲ್ಲುತ್ತದೆ. ಕತ್ತರಿ ರಕ್ತದ ಹರಿವಿನಲ್ಲಿ ಕೊಚ್ಚಿಹೋಗದೆ ಇರುವುದು ಇದರಿಂದಲೇ.

ಕತ್ತರಿಯನ್ನು ಯಾವಾಗ ಎಲ್ಲಿ ಆಡಿಸಬೇಕು ಎನ್ನುವುದಕ್ಕೂ ಮೈಯಲ್ಲಿ ಏರ್ಪಾಡಿದೆ. ಹೊಟ್ಟೆ ತುಂಬಿದಾಗ ಇನ್ಸುಲಿನ್ ಏರುತ್ತದೆ, ಕೊಬ್ಬು ಕೂಡಿಡುವ ಜಾಗಗಳಲ್ಲಿ ಎಲ್‌ಪಿಎಲ್ ಚುರುಕಾಗುತ್ತದೆ. ಉಪವಾಸವಿದ್ದಾಗ ಅಲ್ಲಿ ಅದು ಮಂಕಾಗಿ, ಹೃದಯದಲ್ಲಿ ಮತ್ತು ಸ್ನಾಯುಗಳಲ್ಲಿ ಚುರುಕಾಗುತ್ತದೆ. ಇರುವ ಕೊಬ್ಬು ಮೊದಲು ದುಡಿಯುವವರಿಗೆ ಹೋಗಲಿ ಎಂಬ ಲೆಕ್ಕ. ಮನೆಯಲ್ಲಿ ಅಕ್ಕಿ ಕಡಿಮೆಯಾದಾಗ ಅಮ್ಮ ಮಾಡುವುದೂ ಇದನ್ನೇ ಅಲ್ವಾ. ಆಂಜಿಪಿಟಿಎಲ್4 ಎಂಬ ಪ್ರೋಟೀನ್ ಇಲ್ಲಿ ಬ್ರೇಕು. ಅಪೋ ಸಿ-3 ಇನ್ನೊಂದು ಬ್ರೇಕು. ಅಪೋ ಸಿ-2 ಆಕ್ಸಿಲರೇಟರ್. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಾಗ ಇನ್ಸುಲಿನ್ನಿನ ಮಾತು ನಡೆಯುವುದಿಲ್ಲ. ಲಿವರ್ ಹೆಚ್ಚು ಕೊಬ್ಬಿನ ಕಣಗಳನ್ನು ರಕ್ತಕ್ಕೆ ಬಿಡುತ್ತದೆ, ಕತ್ತರಿಯೂ ನಿಧಾನವಾಗುತ್ತದೆ. ಆ ಬೀಗರ ಊಟದವರ ಟ್ಯೂಬು ಹಾಲಾದದ್ದಕ್ಕೆ ಇದು ಸಾಕಷ್ಟು ಕಾರಣ.

ಹುಟ್ಟಿನಿಂದಲೇ ಎಲ್‌ಪಿಎಲ್ ಇಲ್ಲದವರಿದ್ದಾರೆ. ತುಂಬಾ ಅಪರೂಪ, ಸುಮಾರು 10 ಲಕ್ಷಕ್ಕೆ ಒಬ್ಬರು. ಅವರ ರಕ್ತ ಸದಾ ಹಾಲಿನಂತಿರುತ್ತದೆ. ಅವರನ್ನು ಹೆಚ್ಚು ಕಾಡುವುದು ಹೃದಯಾಘಾತವಲ್ಲ, ಮೇದೋಜೀರಕ ಗ್ರಂಥಿಯ ಊತ. ತಡೆಯಲಾರದ ಹೊಟ್ಟೆನೋವು, ಮತ್ತೆ ಮತ್ತೆ ಆಸ್ಪತ್ರೆ, ಕೆಲವೊಮ್ಮೆ ಪ್ರಾಣಕ್ಕೇ ಅಪಾಯ. ಇವರಿಗಾಗಿ ಯುರೋಪಿನಲ್ಲಿ 2012ರಲ್ಲಿ ಗ್ಲೈಬೆರಾ ಎಂಬ ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಯುರೋಪು ಒಪ್ಪಿದ ಮೊದಲ ಜೀನ್ ಚಿಕಿತ್ಸೆಯೇ ಅದು. ಬೆಲೆ ಸುಮಾರು 10 ಲಕ್ಷ ಯೂರೋ. 2017ರಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. ಈಗ ಬೇರೆ ದಾರಿ ಹಿಡಿದಿದ್ದಾರೆ: ಬ್ರೇಕನ್ನು ಸಡಿಲ ಮಾಡುವುದು. ಅಪೋ ಸಿ-3 ತಯಾರಾಗದಂತೆ ತಡೆಯುವ ಒಲೆಜಾರ್ಸೆನ್ ಎಂಬ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಿದೆ.

ಬ್ರೇಕೇ ಇಲ್ಲದೆ ಹುಟ್ಟಿದವರೂ ಇದ್ದಾರೆ. ಪಾಕಿಸ್ತಾನದಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅಲ್ಲಿ ಒಂದು ಕುಟುಂಬದಲ್ಲಿ ಗಂಡ, ಹೆಂಡತಿ ಇಬ್ಬರಲ್ಲೂ ಅಪೋ ಸಿ-3 ಇರಲಿಲ್ಲ. ಹಾಗಾಗಿ ಅವರ ಒಂಬತ್ತೂ ಮಕ್ಕಳಲ್ಲೂ ಇರಲಿಲ್ಲ. ಅಪೋ ಸಿ-3 ಇಲ್ಲದವರಿಗೆ ಕೊಬ್ಬು ತುಂಬಿದ ಪಾನೀಯ ಕುಡಿಸಿ ರಕ್ತ ನೋಡಿದರು. ಉಳಿದವರಲ್ಲಿ ಟ್ರೈಗ್ಲಿಸರೈಡ್ ಏರಿತು. ಇವರಲ್ಲಿ ಅಷ್ಟು ಏರಲಿಲ್ಲ. ಗಂಡ ಹೆಂಡತಿ ಸೋದರ ಸಂಬಂಧದವರು. ಸೋದರಮಾವ, ಅತ್ತೆಯ ಮಗ ಅಂತ ಮದುವೆ ಮಾಡುವ ರೂಢಿ ನಮ್ಮ ಕಡೆಯೂ ಇದೆಯಲ್ಲ. ಇಂಥ ಮದುವೆಗಳಲ್ಲಿ ಅಪರೂಪದ ಜೀನ್ ಎರಡೂ ಕಡೆಯಿಂದ ಬಂದು ಕೂಡುವ ಸಾಧ್ಯತೆ ಜಾಸ್ತಿ. ಆ ಕುಟುಂಬಕ್ಕೆ ಒಳ್ಳೆಯದಾಯಿತು. ಎಲ್‌ಪಿಎಲ್ ಇಲ್ಲದ ಮಗು ಹುಟ್ಟುವುದೂ ಇದೇ ದಾರಿಯಲ್ಲೇ. ಮಗುವಿನ ರಕ್ತ ಹಾಲಿನಂತೆ ಕಂಡರೆ ಅದಕ್ಕೇ ವೈದ್ಯರು ಮೊದಲು ತಂದೆ ತಾಯಿಯ ಸಂಬಂಧ ಕೇಳುವುದು.

ಸ್ನಾಯುವಿನ ಒಳಗೆ ಮೂರು ಕತ್ತರಿ

ಬಾಲಗಳು ಹೃದಯದ ಕೋಶಕ್ಕೆ ಬಂದ ಕೂಡಲೇ ಎಲ್ಲವೂ ಉರಿದುಹೋಗುವುದಿಲ್ಲ. ಒಂದಷ್ಟು ಮತ್ತೆ ಟ್ರೈಗ್ಲಿಸರೈಡ್ ಆಗಿ ಸಣ್ಣ ಹನಿಗಳಲ್ಲಿ ಕೂತಿರುತ್ತವೆ. ಬೇಕಾದಾಗ ಬಿಡಿಸಿಕೊಳ್ಳಬೇಕು. ಇಲ್ಲಿ ಮೂರು ಬಾಲಕ್ಕೆ ಮೂರು ಕತ್ತರಿ. ಮೊದಲ ಬಾಲ ಕತ್ತರಿಸುವುದು ಎಟಿಜಿಎಲ್, ಎರಡನೆಯದನ್ನು ಎಚ್‌ಎಸ್‌ಎಲ್, ಮೂರನೆಯದನ್ನು ಎಂಜಿಎಲ್.

ಮೊದಲನೆಯದು ಕೈಕೊಟ್ಟರೆ ಮುಂದಿನ ಕೆಲಸ ನಿಂತಂತೆ. ಎಟಿಜಿಎಲ್ ಪತ್ತೆಯಾದದ್ದೇ 2004ರಲ್ಲಿ. ಆಸ್ಟ್ರಿಯಾದ ಗ್ರಾಜ್ ನಗರದ ರುಡಾಲ್ಫ್ ಜೆಕ್ನರ್ ಅವರ ತಂಡ ಅದನ್ನು ಕಂಡುಹಿಡಿದವರಲ್ಲಿ ಒಂದು. 2006ರಲ್ಲಿ ಅದೇ ತಂಡ ಎಟಿಜಿಎಲ್ ಇಲ್ಲದ ಇಲಿಗಳನ್ನು ಬೆಳೆಸಿತು. ಇಲಿಗಳ ಹೃದಯದಲ್ಲಿ ಕೊಬ್ಬು ತುಂಬಿಕೊಂಡಿತು, ಹೃದಯ ಸೋತು ಬೇಗ ಸತ್ತವು. ಉಗ್ರಾಣದ ತುಂಬಾ ಧಾನ್ಯವಿದೆ, ಬೀಗದ ಕೈ ಇಲ್ಲ, ಮನೆಯವರು ಹಸಿದು ಸಾಯುತ್ತಿದ್ದಾರೆ. ಆ ಹೃದಯಗಳ ಸ್ಥಿತಿ ಅದು. 2008ರಲ್ಲಿ ಜಪಾನಿನ ಒಸಾಕಾದ ಕೆನ್‌ಇಚಿ ಹಿರಾನೊ ಮತ್ತು ಜೊತೆಗಾರರು ಮನುಷ್ಯನಲ್ಲೂ ಇದನ್ನು ಕಂಡರು. ಹೃದಯ ಕಸಿ ಮಾಡಿಸಿಕೊಂಡ ಒಬ್ಬ ರೋಗಿಯಿಂದ ಹೊರತೆಗೆದ ಹೃದಯದ ಸ್ನಾಯುವಿನಲ್ಲೂ, ಅದರ ರಕ್ತನಾಳಗಳಲ್ಲೂ ಟ್ರೈಗ್ಲಿಸರೈಡ್ ಕಿಕ್ಕಿರಿದಿತ್ತು. ಕಾರಣ ಎಟಿಜಿಎಲ್ ಜೀನಿನ ದೋಷ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕೊಬ್ಬಿನ ಮಾತು. ಕತ್ತರಿಸಿದರೆ ಬಾಲ ಸಿಗುತ್ತದೆ, ಬಾಲ ಉರಿದು ಶಕ್ತಿಯಾಗುತ್ತದೆ, ಕೊನೆಗೆ ಉಳಿಯುವುದು ನೀರು ಮತ್ತು ಇಂಗಾಲದ ಡೈಆಕ್ಸೈಡ್. ಉಸಿರಿನಲ್ಲಿ ಹೊರಹೋಯಿತು, ಮುಗಿಯಿತು.

ಕೊಲೆಸ್ಟ್ರಾಲ್ ಹಾಗಲ್ಲ

ಕೊಲೆಸ್ಟ್ರಾಲ್ ಕೂಡ ಕೊಬ್ಬೇ ಅಂತ ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ರಿಪೋರ್ಟಿನಲ್ಲೂ ಎರಡೂ ಅಕ್ಕಪಕ್ಕ ಇರುತ್ತವೆ. ಆದರೆ ಅದರ ಮೈಕಟ್ಟೇ ಬೇರೆ. 27 ಇಂಗಾಲದ ಪರಮಾಣುಗಳು, ಅವುಗಳಲ್ಲಿ ಹೆಚ್ಚಿನವು ಸೇರಿ ಒಂದಕ್ಕೊಂದು ಬೆಸೆದ ನಾಲ್ಕು ಉಂಗುರಗಳು. ಈ ಉಂಗುರಗಳನ್ನು ಮುರಿದು ಶಕ್ತಿ ಮಾಡಿಕೊಳ್ಳುವ ಕಿಣ್ವಗಳು ಮನುಷ್ಯನ ಮೈಯಲ್ಲಿ ಎಲ್ಲೂ ಇಲ್ಲ. ಹೃದಯದಲ್ಲೂ ಇಲ್ಲ, ಲಿವರಿನಲ್ಲೂ ಇಲ್ಲ. ಕ್ಷಯರೋಗದ ಬ್ಯಾಕ್ಟೀರಿಯಾಕ್ಕೆ ಆ ಶಕ್ತಿ ಇದೆ. ನಮ್ಮ ಕೋಶದೊಳಗೆ ಕೂತು ನಮ್ಮದೇ ಕೊಲೆಸ್ಟ್ರಾಲ್ ತಿಂದು ಬದುಕುತ್ತದೆ. ನಮಗೆ ಅದು ಬರುವುದಿಲ್ಲ.

ಹಾಗಾದರೆ ರಕ್ತನಾಳದಲ್ಲಿ ಕೊಲೆಸ್ಟ್ರಾಲ್ ಜೀರ್ಣಿಸುವ ಕಿಣ್ವಗಳು ಅಂತ ಹೇಳುತ್ತಾರಲ್ಲ, ಅವು ಏನು ಮಾಡುತ್ತವೆ? ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಈಗ ಜಾಗ ಬದಲಾಗಿದೆ. ಲೋಮನಾಳದಿಂದ ದೊಡ್ಡ ಅಪಧಮನಿಗೆ ಬಂದಿದ್ದೇವೆ, ಬ್ಲಾಕ್ ಆಗುವುದು ಇಲ್ಲಿ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳು ಒಳಪದರವನ್ನು ದಾಟಿ ಗೋಡೆಯೊಳಗೆ ಸೇರುತ್ತವೆ. ಕೆಲವು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಅವುಗಳ ಹೊಟ್ಟೆಯಲ್ಲಿರುವ ಕೊಲೆಸ್ಟ್ರಾಲ್‌ಗೆ ಒಂದು ಕೊಬ್ಬಿನಾಮ್ಲದ ಬಾಲ ಅಂಟಿರುತ್ತದೆ. ಕಸ ತೆಗೆಯುವ ಬಿಳಿ ರಕ್ತಕಣಗಳು, ಮ್ಯಾಕ್ರೋಫೇಜ್ ಅಂತ ಕರೆಯುತ್ತಾರೆ, ಬಂದು ಈ ಕಣಗಳನ್ನು ನುಂಗುತ್ತವೆ. ಮ್ಯಾಕ್ರೋಫೇಜ್ ಒಳಗೆ ಹುಳಿಯಾದ ಸಣ್ಣ ಚೀಲಗಳಿವೆ. ಅಲ್ಲಿರುವ ಕಿಣ್ವ ಲೈಸೋಸೋಮಲ್ ಆ್ಯಸಿಡ್ ಲೈಪೇಸ್. ಅದು ಕೊಲೆಸ್ಟ್ರಾಲಿನ ಬಾಲ ಕತ್ತರಿಸುತ್ತದೆ. ಬಾಲ ಮಾತ್ರ. ನಾಲ್ಕು ಉಂಗುರಗಳ ಮೈ ಇದ್ದ ಹಾಗೇ ಉಳಿಯುತ್ತದೆ. ಕೊಲೆಸ್ಟ್ರಾಲ್ ಜೀರ್ಣ ಅಂದರೆ ಇಷ್ಟೇ.

ಬಾಲ ಕಳೆದುಕೊಂಡ ಕೊಲೆಸ್ಟ್ರಾಲ್ ಕೋಶಕ್ಕೆ ಅಪಾಯ. ಜಾಸ್ತಿಯಾದರೆ ಕೋಶದ ಪೊರೆ ಹಾಳಾಗುತ್ತದೆ, ಕೊಲೆಸ್ಟ್ರಾಲ್ ಸೂಜಿಯಂಥ ಹರಳು ಕಟ್ಟುತ್ತದೆ, ಹರಳು ಉರಿಯೂತ ಎಬ್ಬಿಸುತ್ತದೆ. ಅದಕ್ಕೆ ಎಸಿಎಟಿ ಎಂಬ ಇನ್ನೊಂದು ಕಿಣ್ವ ಮತ್ತೆ ಒಂದು ಬಾಲ ಅಂಟಿಸಿ ಹನಿಯಾಗಿ ಕೂಡಿಡುತ್ತದೆ. ಇನ್ನು ಕೆಲವು ಕಿಣ್ವಗಳು ಆ ಹನಿಯಿಂದ ಮತ್ತೆ ಬಾಲ ಬಿಡಿಸುತ್ತವೆ. ಅಂಟಿಸು, ಬಿಡಿಸು, ಅಂಟಿಸು. ರಕ್ತದ ಎಲ್‌ಡಿಎಲ್ ಅನ್ನು ಹಿಡಿದು ಕೋಶದೊಳಗೆ ಎಳೆದುಕೊಳ್ಳುವ ಗ್ರಾಹಕವನ್ನು (ರಿಸೆಪ್ಟರ್) ಕಂಡುಹಿಡಿದು 1985ರಲ್ಲಿ ನೊಬೆಲ್ ಪಡೆದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರೇ ಈ ಸುತ್ತಾಟವನ್ನೂ ವಿವರಿಸಿದವರು. ಹನಿಗಳು ತುಂಬಿ ತುಂಬಿ ಮ್ಯಾಕ್ರೋಫೇಜ್ ಉಬ್ಬಿಕೊಳ್ಳುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸೋಪಿನ ನೊರೆಯ ಹಾಗೆ ಕಾಣುತ್ತದೆ. ಅದಕ್ಕೇ ನೊರೆಕೋಶ ಎಂಬ ಹೆಸರು. ಬ್ಲಾಕಿನ ಮೊದಲ ಗುರುತು ಇದು.

ಹಾಗಾದರೆ ಅಂಟಿಸುವ ಎಸಿಎಟಿಯನ್ನು ತಡೆದರೆ ಹನಿಯೇ ಆಗುವುದಿಲ್ಲವಲ್ಲ? ಔಷಧಿ ಕಂಪನಿಗಳೂ ಹಾಗೇ ಯೋಚಿಸಿದವು. ಪ್ಯಾಕ್ಟಿಮೈಬ್ ಎಂಬ ಔಷಧಿಯನ್ನು ಹೃದ್ರೋಗಿಗಳಲ್ಲಿ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಕೊಟ್ಟರು. ನಾಳದ ಗೋಡೆಯಲ್ಲಿ ಕಟ್ಟಿದ ಕೊಬ್ಬಿನ ಗಂಟು, ಅಂದರೆ ಬ್ಲಾಕ್, ಕಡಿಮೆಯಾಗಲಿಲ್ಲ. ಹನಿ ಮಾಡಿ ಕೂಡಿಡುವುದು ರೋಗ ಅಂದುಕೊಂಡಿದ್ದೆವು, ಅದು ಕೋಶದ ಆತ್ಮರಕ್ಷಣೆಯೂ ಹೌದು.

ಎಲ್‌ಪಿಎಲ್ ಬಗ್ಗೆ ಒಂದು ಮಾತು ಬಾಕಿ ಇದೆ. ಲೋಮನಾಳದಲ್ಲಿ ಅಷ್ಟು ಒಳ್ಳೆಯ ಕೆಲಸ ಮಾಡುವ ಅದೇ ಕತ್ತರಿಯನ್ನು ಅಪಧಮನಿಯ ಗೋಡೆಯೊಳಗಿನ ಮ್ಯಾಕ್ರೋಫೇಜ್‌ಗಳೂ ತಯಾರಿಸುತ್ತವೆ. ಅಲ್ಲಿ ಅದು ಅಂಟಿನಂತೆ ವರ್ತಿಸುತ್ತದೆ. ಒಂದು ಕೈಯಲ್ಲಿ ಗೋಡೆಯ ನಾರನ್ನೂ ಇನ್ನೊಂದು ಕೈಯಲ್ಲಿ ಎಲ್‌ಡಿಎಲ್ ಕಣವನ್ನೂ ಹಿಡಿದು ನಿಲ್ಲಿಸಿಬಿಡುತ್ತದೆ. ಮ್ಯಾಕ್ರೋಫೇಜ್‌ಗಳಲ್ಲಿ ಎಲ್‌ಪಿಎಲ್ ಇಲ್ಲದ ಇಲಿಗಳಲ್ಲಿ ಗಂಟು ಕಡಿಮೆ ಬೆಳೆಯುತ್ತದೆ. ಆದ್ದರಿಂದ ಈ ಕಿಣ್ವ ಒಳ್ಳೆಯದೋ ಕೆಟ್ಟದ್ದೋ ಅಂತ ಯಾರಾದರೂ ಕೇಳಿದರೆ, ಎಲ್ಲಿ ಅಂತ ತಿರುಗಿ ಕೇಳಬೇಕು.

ಹೊರಹೋಗುವ ಒಂದೇ ಬಾಗಿಲು

ಮುರಿಯಲು ಆಗದ ವಸ್ತುವನ್ನು ಹೊರಗೆ ಸಾಗಿಸಬೇಕು, ಬೇರೆ ದಾರಿ ಇಲ್ಲ. ಬಾಲ ಬಿಡಿಸಿದ ಕೊಲೆಸ್ಟ್ರಾಲ್ ಅನ್ನು ಕೋಶದಿಂದ ಹೊರದೂಡುವ ಒಂದು ಪಂಪ್ ಇದೆ, ಎಬಿಸಿಎ1. ಹೊರಗೆ ರಕ್ತದಲ್ಲಿರುವ ಎಚ್‌ಡಿಎಲ್ ಎಂಬ ಇನ್ನೊಂದು ಬಗೆಯ ಕಣ ಅದನ್ನು ಎತ್ತಿಕೊಂಡು ಲಿವರಿಗೆ ಒಯ್ಯುತ್ತದೆ. ಲಿವರ್ ಒಂದಷ್ಟನ್ನು ಹಾಗೇ ಪಿತ್ತರಸಕ್ಕೆ ಬಿಡುತ್ತದೆ, ಇನ್ನೊಂದಷ್ಟನ್ನು ಪಿತ್ತಾಮ್ಲವಾಗಿ ಬದಲಿಸುತ್ತದೆ. ಅಲ್ಲಿಂದ ಕರುಳು, ಅಲ್ಲಿಂದ ಮಲ. ಕರುಳಿಗೆ ಬಂದ ಪಿತ್ತಾಮ್ಲದಲ್ಲಿ ಶೇ. 95ರಷ್ಟು ಮತ್ತೆ ಹೀರಿಕೊಂಡು ಮೈಗೇ ವಾಪಸ್ ಬರುತ್ತದೆ. ದಿನಕ್ಕೆ ಹೀಗೆ ಹೊರಹೋಗುವ ಪಿತ್ತಾಮ್ಲ ಸುಮಾರು ಅರ್ಧ ಗ್ರಾಂ ಅಷ್ಟೇ.

ಆ ಪಂಪ್ ಕೆಟ್ಟರೆ ಏನಾಗುತ್ತದೆ ಅಂತ ತೋರಿಸಿದ್ದು ಅಮೆರಿಕದ ಚೆಸಾಪೀಕ್ ಕೊಲ್ಲಿಯ ಟ್ಯಾಂಜಿಯರ್ ಎಂಬ ಪುಟ್ಟ ದ್ವೀಪ. ಅಲ್ಲಿನ ಒಬ್ಬ ಹುಡುಗನ ಗಂಟಲಿನ ಟಾನ್ಸಿಲ್ ಕಿತ್ತಳೆ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು. ಅದರ ತುಂಬಾ ಕೊಲೆಸ್ಟ್ರಾಲ್. ರಕ್ತದಲ್ಲಿ ಎಚ್‌ಡಿಎಲ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. 1961ರಲ್ಲಿ ಈ ಕಾಯಿಲೆಯ ವರದಿ ಬಂತು. ಕಾರಣ ಎಬಿಸಿಎ1 ಜೀನಿನ ದೋಷ ಅಂತ 1999ರಲ್ಲಿ ಗೊತ್ತಾಯಿತು.

ನಮ್ಮ ದೇಶದವರ ರಿಪೋರ್ಟುಗಳಲ್ಲಿ ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಡಿಮೆ ಇರುವುದು ತುಂಬಾ ಸಾಮಾನ್ಯ. ದಿನವೂ ಕಾಣುತ್ತೇನೆ. ನಡೆದಾಡುವವರ ಕಾಲಿನ ಸ್ನಾಯುಗಳಲ್ಲಿ ಎಲ್‌ಪಿಎಲ್ ಹೆಚ್ಚುತ್ತದೆ, ಕೂತೇ ಇರುವವರಲ್ಲಿ ಇಳಿಯುತ್ತದೆ. ಟ್ರೈಗ್ಲಿಸರೈಡ್ ಮಟ್ಟಿಗೆ ಮೈಯ ಕತ್ತರಿಗಳು ನಮ್ಮ ಮಾತು ಕೇಳುತ್ತವೆ. ಊಟ, ನಡಿಗೆ, ಸಕ್ಕರೆಯ ಹತೋಟಿ, ಬೇಕಾದರೆ ಫೈಬ್ರೇಟ್ ಮಾತ್ರೆ, ಇವುಗಳಿಂದ ಕೆಲವು ವಾರಗಳಲ್ಲೇ ಅಂಕಿ ಇಳಿದದ್ದು ನೋಡಿದ್ದೇನೆ. ಆ ಬೀಗರ ಊಟದವರ ಟ್ಯೂಬು ಕೂಡ ಮೂರು ತಿಂಗಳಿಗೆ ತಿಳಿ ಹಳದಿಗೆ ಬಂದಿತ್ತು.

ಗೋಡೆಯೊಳಗೆ ಕೂತ ಕೊಲೆಸ್ಟ್ರಾಲ್‌ನ ವಿಷಯ ಬೇರೆ. "ಬ್ಲಾಕ್ ಕರಗಿಸೋ ಪುಡಿ ಇದೆಯಂತೆ, ಹೌದಾ ಸಾರ್?" ಅಂತ ರಿಪೋರ್ಟ್ ತೆಗೆದುಕೊಳ್ಳಲು ಬಂದವರು ಕೇಳುತ್ತಿರುತ್ತಾರೆ. ಭಯದಲ್ಲಿ ಕೇಳುತ್ತಾರೆ, ಮನೆಯಲ್ಲಿ ಯಾರಿಗೋ ಆಗಿರುತ್ತದೆ. ಅವರಿಗೆ ನಾನು 2016ರಲ್ಲಿ ಬಂದ ಒಂದು ಪರೀಕ್ಷೆಯ ಅಂಕಿ ಹೇಳುತ್ತೇನೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಜೊತೆಗೆ ಎವೊಲೊಕ್ಯುಮ್ಯಾಬ್ ಎಂಬ ಚುಚ್ಚುಮದ್ದು ಕೊಟ್ಟು ಎಲ್‌ಡಿಎಲ್ ಅನ್ನು ಡೆಸಿಲೀಟರಿಗೆ ಸರಾಸರಿ 37 ಮಿಲಿಗ್ರಾಂಗೆ ಇಳಿಸಿದ್ದರು. ರಕ್ತನಾಳದೊಳಗೆ ಅಲ್ಟ್ರಾಸೌಂಡ್ ಕೊಳವೆ ಇಳಿಸಿ ಗಂಟನ್ನು ಮೊದಲು ಅಳೆದರು, ಸುಮಾರು ಒಂದೂವರೆ ವರ್ಷದ ಮೇಲೆ ಮತ್ತೆ ಅಳೆದರು. ಬರೀ ಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಗಂಟು ಹೆಚ್ಚೂಕಡಿಮೆ ಇದ್ದಷ್ಟೇ ಇತ್ತು. ಎರಡೂ ತೆಗೆದುಕೊಂಡವರಲ್ಲಿ ನಾಳದ ಜಾಗದಲ್ಲಿ ಗಂಟಿನ ಶೇಕಡಾ ಪಾಲು 0.95 ಅಂಶದಷ್ಟು ಇಳಿದಿತ್ತು. ಹೊಸದಾಗಿ ಬರುವುದನ್ನು ಅಷ್ಟು ಬಿಗಿಯಾಗಿ ತಡೆದು, ಒಳಗಿರುವುದನ್ನು ಎಚ್‌ಡಿಎಲ್ ಒಂದೊಂದೇ ಹೊರೆ ಹೊತ್ತು ಲಿವರಿಗೆ ಸಾಗಿಸಲು ಬಿಟ್ಟರೆ, ಒಂದೂವರೆ ವರ್ಷಕ್ಕೆ ಆಗುವ ಕೆಲಸ ಅಷ್ಟು.